ಮೇಲಿಂದ ಕಂಡ ಕೆರೆ

ಎರಡು ದಿನದ ತರಬೇತಿ ಮುಗಿಸಿ ಬಂದವರ ಹತ್ತಿರ ಸ್ವಲ್ಪ ಹುಷಾರಾಗಿರಬೇಕು. ಹತ್ತು ವರ್ಷ ಕಲಿತವನಿಗೆ ತನಗೇನು ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ. ಎರಡು ದಿನ ಕಲಿತವನಿಗೆ ಆ ಕಾಟವಿಲ್ಲ. ನಗರ ಯೋಜನಾ ಕಚೇರಿಯ ಟಪಾಲು ಗುಮಾಸ್ತ ಒಂದು ಸೋಮವಾರ ಹೀಗೆಯೇ ಉಪಗ್ರಹ ನಕ್ಷೆಗಳ ತರಬೇತಿಗೆ ಹೋದ. ಬುಧವಾರ ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುವಾಗ ಅವನ ನಡಿಗೆಯೇ ಬೇರೆಯಾಗಿತ್ತು. ಕಾಲು ನೆಲದ ಮೇಲಿತ್ತು, ಕಣ್ಣು ಮಾತ್ರ ಬಾಹ್ಯಾಕಾಶದಲ್ಲಿತ್ತು. ಜೊತೆಯವರು ಅವನಿಗೆ 'ನಕ್ಷೆರಾಯ' ಎಂದು ಹೆಸರಿಟ್ಟರು. ತಮಾಷೆಗೆ ಇಟ್ಟ ಹೆಸರನ್ನು ಅವನು ಬಿರುದು ಎಂದೇ ತೆಗೆದುಕೊಂಡ.

ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದ ಕೋಣೆಯನ್ನು ಗುಡಿಸಿ, ಅಲ್ಲೊಂದು ಕಂಪ್ಯೂಟರ್ ಇಟ್ಟು, ಬಾಗಿಲ ಮೇಲೆ 'ನಕ್ಷೆ ವಿಭಾಗ' ಎಂದು ಬರೆಸಿದರು. ಮುರಿದ ಕುರ್ಚಿಗಳಲ್ಲಿ ಕಡಿಮೆ ಮುರಿದದ್ದು ನಕ್ಷೆರಾಯನ ಪಾಲಿಗೆ ಬಂತು.

ತರಬೇತಿಯಲ್ಲಿ ಅವನು ಏನೂ ಕಲಿಯಲಿಲ್ಲ ಎಂದರೆ ನಾಲಿಗೆ ಬಿದ್ದು ಹೋದೀತು. ಅಕ್ಷಾಂಶ ಯಾವ ಖಾನೆಯಲ್ಲಿ, ರೇಖಾಂಶ ಯಾವ ಖಾನೆಯಲ್ಲಿ ಎಂದು ನೋಡದೆ ಅಂಕಿ ತುಂಬಿದರೆ ಊರಿಗೆ ಊರೇ ಸಮುದ್ರಕ್ಕೆ ಬೀಳುತ್ತದೆ ಎಂದು ಕಲಿತಿದ್ದ. ಮೊದಲ ದಿನವೇ ತಮ್ಮ ಕಚೇರಿಯನ್ನು ನಡುಸಮುದ್ರಕ್ಕೆ ಹಾಕಿ, ಸಾಹೇಬರ ಸಮೇತ ಮುಳುಗಿದ್ದನ್ನು ಕಂಡು ಮನಸಾರೆ ನಕ್ಕಿದ್ದ. ಬೇರೆ ಬೇರೆ ಕಡೆಯಿಂದ ತಂದ ನಕ್ಷೆಯ ಪದರಗಳನ್ನೆಲ್ಲ ಒಂದೇ ಅಳತೆಯ ಪದ್ಧತಿಗೆ ತಾರದಿದ್ದರೆ ಮನೆಗಳು ಎದ್ದು ಬಂದು ರಸ್ತೆಯ ನಡುವೆ ಕೂರುತ್ತವೆ ಎಂಬುದೂ ಗೊತ್ತಿತ್ತು. ಆದರೆ ಎರಡನೆಯ ದಿನ ಊಟವಾದ ಮೇಲೆ ಪರದೆ ಎಳೆದು, ದೀಪ ಆರಿಸಿ, ಮೋಡಗಳ ಪಾಠ ಶುರುಮಾಡಿದರು. ಹೊಟ್ಟೆ ತುಂಬಿತ್ತು, ಕತ್ತಲಿತ್ತು, ಕುರ್ಚಿಗೆ ಮೆತ್ತೆಯಿತ್ತು. ಮೋಡಗಳು ಬಂದವು, ಹೋದವು. ನಕ್ಷೆರಾಯನಿಗೆ ಚಪ್ಪಾಳೆಯ ಸದ್ದಿಗೆ ಎಚ್ಚರವಾಯಿತು, ತಾನೂ ತಟ್ಟಿದ.

ಇನ್ನು ಅವನ ಮನೆಯ ವಿಚಾರ. ಮನೆಯಲ್ಲಿ ಆಗ ಮಾವ ಇದ್ದರು. ಮಾವ ಈಜು ಮೇಷ್ಟರು. ಜೀವಮಾನವಿಡೀ ಕೊಳದ ದಂಡೆಯ ಮೇಲೆ ನಿಂತು ಊರ ಮಕ್ಕಳನ್ನೆಲ್ಲ ನೀರಿಗೆ ದೂಡಿ, ಮತ್ತೆ ಎತ್ತಿ, ನಿವೃತ್ತರಾದವರು. ಇಬ್ಬರು ಹೆಣ್ಣುಮಕ್ಕಳಲ್ಲಿ ಚಿಕ್ಕವಳ ಮನೆಯಲ್ಲೇ ಇರುತ್ತೇನೆಂದು ಟ್ರಂಕು ಹೊತ್ತು ಬಂದಿದ್ದರು. ನಕ್ಷೆರಾಯನ ಹೆಂಡತಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಪ್ಪನೆಂದರೆ ಅವಳಿಗೆ ಅಷ್ಟು ಪ್ರೀತಿ. ಕಷ್ಟ ಏನೆಂದರೆ, ಆ ಊರಲ್ಲಿ ನೀರು ಇದ್ದದ್ದು ನಲ್ಲಿಯಲ್ಲಿ ಮಾತ್ರ. ಮಾವ ಬೆಳಿಗ್ಗೆ ಎದ್ದು ಬಚ್ಚಲಿನ ಬಕೆಟ್ಟನ್ನು ಬಗ್ಗಿ ನೋಡುವರು, ನಿಟ್ಟುಸಿರು ಬಿಡುವರು, ಬಂದು ಕೂರುವರು. ಟ್ರಂಕಿನಿಂದ ಒಂದು ಅಂಗಿಯನ್ನೂ ಹೊರಗೆ ತೆಗೆದಿರಲಿಲ್ಲ.

ಒಂದು ಸಂಜೆ ಊಟಕ್ಕೆ ಕುಳಿತಾಗ ಅವರು ಬಾಯಿಬಿಟ್ಟರು.

"ಈ ಊರಲ್ಲಿ ಮೀನು ಇದ್ದಿದ್ರೆ ಬಸ್ಸಲ್ಲೇ ಓಡಾಡ್ಬೇಕಾಗಿತ್ತು. ನಾನು ಮುಂದಿನ ವಾರ ನಿಮ್ಮಕ್ಕನ ಮನೆಗೆ ಹೊರಡ್ತೀನಮ್ಮ. ಅಲ್ಲಿ ಮನೆ ಕೆಳಗೇ ಕೊಳ ಇದ್ಯಂತೆ."

ಹೆಂಡತಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವಳು ಏನಾದರೂ ಅಂದಿದ್ದರೆ ನಕ್ಷೆರಾಯ ಸುಮ್ಮನಿರುತ್ತಿದ್ದನೇನೋ. ಅವಳ ಮುಖ ನೋಡಿ ಅವನಿಗೆ ಕೆಡುಕೆನಿಸಿತು. ದೊಡ್ಡ ಅಳಿಯನ ಕೊಳದ ಮಾತು ಕೇಳಿ ಹೊಟ್ಟೆಕಿಚ್ಚೂ ಆಯಿತು.

"ಮಾವ, ಈ ಊರಲ್ಲಿ ಕೆರೆ ಇದೆ," ಎಂದುಬಿಟ್ಟ.

"ಯಾವ ಊರಲ್ಲಿ?"

"ನಮ್ಮೂರಲ್ಲೇ. ರೈಲು ಹಳಿ ಆಚೆ, ಪೂರ್ವಕ್ಕೆ."

"ನೋಡಿದ್ದೀರಾ?"

"ನೋಡಿದ್ದೀನಿ. ಮೇಲಿಂದ."

"ಎಷ್ಟು ಮೇಲಿಂದ?"

"ಒಂದು ಏಳ್ನೂರು ಕಿಲೋಮೀಟರ್ ಮೇಲಿಂದ."

ಮಾವ ತುತ್ತು ಕೆಳಗಿಟ್ಟರು. "ಅಷ್ಟು ಎತ್ತರಕ್ಕೂ ಕಾಣುತ್ತೆ ಅಂದ್ರೆ ದೊಡ್ಡದೇ ಇರ್ಬೇಕು ಬಿಡಿ. ಆಳ ಎಷ್ಟಿದೆ?"

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಾಯಿಗೆ ಬೀಗವಿಲ್ಲ. "ಕಪ್ಪು ನೋಡಿದ್ರೆ ಎರಡಾಳು ಅನುಮಾನವೇ ಇಲ್ಲ," ಎಂದ ನಕ್ಷೆರಾಯ.

ಅವನು ಹೇಳಿದ್ದು ಹಸಿ ಸುಳ್ಳಲ್ಲ. ಆ ಮಧ್ಯಾಹ್ನವೇ ಅವನಿಗೆ ಕೆರೆ ಸಿಕ್ಕಿತ್ತು. ಊರಿನ ನೀರಿನ ಜಾಗಗಳನ್ನೆಲ್ಲ ಗುರುತಿಸಿ ಕೊಡಿ ಎಂದು ಸಾಹೇಬರು ಕೇಳಿದ್ದರು. ಇದಕ್ಕೆ ಯಂತ್ರಕ್ಕೆ ಮೊದಲು ಒಂದು ಮಾದರಿ ತೋರಿಸಬೇಕು: ಇಗೋ ಇದು ನೀರು, ಇಂಥದ್ದು ಎಲ್ಲೆಲ್ಲಿದೆಯೋ ನೀಲಿ ಬಳಿ ಎಂದು. ನಕ್ಷೆರಾಯ ತೋರಿಸಲು ನೀರು ಹುಡುಕಿ ಹುಡುಕಿ ಕೊನೆಗೆ ಬಸ್ ನಿಲ್ದಾಣದ ಹಿಂದಿನ ದೊಡ್ಡ ಚರಂಡಿಯನ್ನು ತೋರಿಸಿದ. ಯಂತ್ರದಂಥ ವಿಧೇಯ ಶಿಷ್ಯ ಇನ್ನೊಂದಿಲ್ಲ. ಊರಲ್ಲಿ ಕಪ್ಪಗಿದ್ದದ್ದನ್ನೆಲ್ಲ ನೀರು ಎಂದಿತು. ಟಾರು ರಸ್ತೆ ನದಿಯಾಯಿತು, ರೈಲು ನಿಲ್ದಾಣದ ಚಾವಣಿ ಕೊಳವಾಯಿತು. ಅವೆಲ್ಲ ತನಗೆ ಗೊತ್ತಿದ್ದ ಜಾಗಗಳಾದ್ದರಿಂದ ನಕ್ಷೆರಾಯ ಒಂದೊಂದನ್ನೇ ಅಳಿಸಿದ. ಹಳಿಯ ಆಚೆಗೆ ಅವನು ಹುಟ್ಟಿದ ಮೇಲೆ ಹೋದವನಲ್ಲ. ಅಲ್ಲಿ ಉಳಿದ ನೀಲಿ ತೇಪೆಯನ್ನು ಅಳಿಸಲು ಅವನಿಗೆ ಕಾರಣವೇ ಸಿಗಲಿಲ್ಲ. ನೀವೂ ಈ ಕೆಲಸಕ್ಕೆ ಕೈಹಾಕುವವರಾದರೆ ಒಂದು ಮಾತು: ಯಂತ್ರ ಹೇಳಿದ್ದನ್ನು ಗೊತ್ತಿರುವ ಕಡೆ ತಿದ್ದಿ, ಗೊತ್ತಿಲ್ಲದ ಕಡೆ ನಂಬುವುದು ಮನುಷ್ಯನ ಸಹಜ ಗುಣ. ಗೊತ್ತಿಲ್ಲದ ಕಡೆಗೇ ಒಮ್ಮೆ ಹೋಗಿ ಬನ್ನಿ.

ಮರುದಿನ ಮಾವ ಅಳಿಯನ ಜೊತೆ ಕಚೇರಿಗೇ ಬಂದರು. ಪರದೆಯ ಮೇಲಿನ ನೀಲಿಯನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಕಣ್ಣಲ್ಲಿ ನೀರು ಬಂತು. ಅಷ್ಟು ದಿನಗಳಲ್ಲಿ ಅವರು ಕಂಡ ದೊಡ್ಡ ನೀರು ಅದು. ಅದೇ ಹೊತ್ತಿಗೆ ಸಾಹೇಬರು ಒಳಗೆ ಬಂದರು.

"ಏನ್ರೀ ಇದು, ಕಚೇರೀಲಿ ಸಿನಿಮಾನಾ?"

"ಕೆರೆ ಸ್ವಾಮಿ," ಎಂದರು ಮಾವ. "ನಮ್ಮ ಅಳಿಯಂದ್ರು ಕಂಡುಹಿಡಿದಿದ್ದು."

'ನಮ್ಮ ಅಳಿಯಂದ್ರು' ಎಂಬ ಮಾತು ಮಾವನ ಬಾಯಿಂದ ಅಷ್ಟು ಗಟ್ಟಿಯಾಗಿ ಬಂದದ್ದು ಮದುವೆಯಾದ ಮೇಲೆ ಅದೇ ಮೊದಲು. ನಕ್ಷೆರಾಯ ಕಡಿಮೆ ಮುರಿದ ಕುರ್ಚಿಯಲ್ಲಿ ಅರ್ಧ ಗೇಣು ಎತ್ತರವಾದ.

"ನಮ್ಮ ಕಚೇರಿ ಕಂಡುಹಿಡಿದಿದ್ದು," ಎಂದು ಸಾಹೇಬರು ತಿದ್ದಿದರು. ನಗರಸಭೆಯ ಅಧ್ಯಕ್ಷರು ಅವರನ್ನು ಒಂದಾದರೂ ಒಳ್ಳೆಯ ಸುದ್ದಿ ಕೊಡಿ ಎಂದು ತಿಂಗಳಿಂದ ಪೀಡಿಸುತ್ತಿದ್ದರು. ಸಾಹೇಬರು ಅಲ್ಲೇ ನಿಂತು ಫೋನು ಮಾಡಿದರು. "ಹೌದು ಸಾರ್, ಕೆರೆ. ಇಲ್ಲ ಸಾರ್, ಮುಂಚೆ ಇರ್ಲಿಲ್ಲ. ನಮ್ಮ ಅವಧೀಲೇ ಸಾರ್."

"ಹೋಗಿ ಒಂದ್ಸಲ ನೋಡ್ಕೊಂಡು ಬರ್ಲಾ ಸಾರ್?" ಎಂದು ನಕ್ಷೆರಾಯ ಕೇಳಿದ. ಪಾಪ, ಕೇಳಿದ್ದ, ಅದನ್ನು ಅವನ ಲೆಕ್ಕಕ್ಕೆ ಸೇರಿಸಲೇಬೇಕು.

ಸಾಹೇಬರು ಕೆಂಡವಾದರು. "ಅಧ್ಯಕ್ಷರಿಗಿಂತ ಮುಂಚೆ ನೀವು ನೋಡ್ತೀರಾ? ಉದ್ಘಾಟನೆ ಆಗೋವರೆಗೂ ಯಾರೂ ಹಳಿ ದಾಟಕೂಡದು!"

ಹೀಗೆ ಊರಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ನೋಡದ, ನೋಡಕೂಡದ ಕೆರೆಯೊಂದು ಹುಟ್ಟಿಕೊಂಡಿತು.

ಮಾವನಿಗೂ ನೋಡುವ ಅವಸರವಿರಲಿಲ್ಲ. ಈಜು ಬಾರದ ಜನ ಕೆರೆ ಕಂಡರೆ ಅನಾಹುತ, ಮೊದಲು ಕಲಿಸಬೇಕು ಎಂದರು. ಸಂಜೆಯೇ ಬೀದಿಯಲ್ಲಿ ಪಾಠ ಶುರುವಾಯಿತು. ಪಕ್ಕದ ಮನೆಯ ಟೈಲರ್ ತನ್ನ ಬಟ್ಟೆ ಕತ್ತರಿಸುವ ಮೇಜನ್ನು ಹೊರಗೆ ತಂದು, ಅದರ ಮೇಲೆ ಬೋರಲು ಬಿದ್ದು ಕೈಕಾಲು ಬಡಿದ. ಎದುರುಮನೆ ಅಜ್ಜಿ, ಬಗ್ಗಲು ಆಗುವುದಿಲ್ಲವೆಂದು, ಕುರ್ಚಿಯಲ್ಲಿ ಕುಳಿತೇ ಬೆನ್ನೀಜು ಹೊಡೆದರು. ಉಳಿದವರು ಬೆಂಚು, ಸ್ಟೂಲು, ಅಂಗಳದ ಕಟ್ಟೆ, ಸಿಕ್ಕಿದ್ದರ ಮೇಲೆ ತೇಲಿದರು.

"ತಲೆ ಎತ್ಬೇಡಿ, ನೀರು ಕುಡೀತೀರಾ!" ಎಂದು ಮಾವ ಒಣ ಬೀದಿಯಲ್ಲಿ ಗುಡುಗುತ್ತಿದ್ದರು. "ಟೈಲರೇ, ಮೊಣಕೈ! ಮೊಣಕೈ! ಅಜ್ಜಿ, ಶಭಾಷ್, ದಡ ಬಂತು ನೋಡಿ!"

ಪ್ಯಾಂಟು ಹೊಲಿದಾಯಿತೇ ಎಂದು ಕೇಳಲು ಬಂದ ಗಿರಾಕಿಯೊಬ್ಬನನ್ನು ಹಿಡಿದು ಮಲಗಿಸಿದರು. ಅವನು ಪ್ಯಾಂಟು ಮರೆತು, ಉಸಿರು ಬಿಡುವುದನ್ನು ಕಲಿತು ಹೋದ. ನಿವೇಶನಗಳ ದಲ್ಲಾಳಿ ಸುಮ್ಮನಿರುತ್ತಾನೆಯೇ? ಹಳಿಯ ಈಚೆ ಬದಿಯಲ್ಲೇ 'ಕಿಟಕಿ ತೆರೆದರೆ ಕೆರೆ' ಎಂದು ಆಳೆತ್ತರದ ಬೋರ್ಡು ನಿಲ್ಲಿಸಿದ.

ಮಾವ ರಾತ್ರಿ ಎರಡು ಸಲ ಬಡಿಸಿಕೊಂಡು ಉಣ್ಣತೊಡಗಿದರು. ಬಕೆಟ್ಟನ್ನು ನೋಡುವುದು ಬಿಟ್ಟರು. ಒಂದು ದಿನ ಟ್ರಂಕು ತೆರೆದು ಬಟ್ಟೆಗಳನ್ನು ಬೀರುವಿಗೆ ಜೋಡಿಸಿದರು. ಹೆಂಡತಿ ಗಂಡನ ಕಡೆ ನೋಡಿದ ನೋಟ ಹೇಗಿತ್ತೆಂದರೆ, ನಕ್ಷೆರಾಯನಿಗೆ ಇಡೀ ಭೂಮಂಡಲದ ನಕ್ಷೆ ಬರೆದುಬಿಡೋಣ ಎನ್ನಿಸಿತು.

ಉದ್ಘಾಟನೆಗೆ ದೊಡ್ಡ ಚಿತ್ರವೊಂದು ಬೇಕು, ಸುತ್ತಮುತ್ತಲ ಪ್ರದೇಶವೂ ಬರಲಿ ಎಂದು ಸಾಹೇಬರು ಹೇಳಿದರು. ನಕ್ಷೆರಾಯ ಚಿತ್ರದ ಚೌಕಟ್ಟನ್ನು ಹಿಡಿದು ಪೂರ್ವಕ್ಕೆ ಎಳೆದ. ಅಲ್ಲಿಯವರೆಗೂ ಅವನು ಚಿತ್ರವನ್ನು ಊರಿನ ಗಡಿಗೆ ಸರಿಯಾಗಿ ಕತ್ತರಿಸಿಕೊಂಡು ಕೆಲಸ ಮಾಡಿದ್ದ. ಕತ್ತರಿಸಿಕೊಳ್ಳುವುದು ಅಚ್ಚುಕಟ್ಟೇ; ಆದರೆ ಕತ್ತರಿಸುವ ಮುಂಚೆ ಬೇಲಿಯಾಚೆ ಏನಿದೆ ಎಂದು ಒಮ್ಮೆ ಇಣುಕುವುದು ಕ್ಷೇಮ. ಗಡಿಯ ಆಚೆ ಒಂದು ಬೆಳ್ಳನೆಯ ಮೋಡ ಕೂತಿತ್ತು. ಕೊಬ್ಬಿದ ಬಾತುಕೋಳಿಯ ಆಕಾರ. ಗಡಿಯ ಈಚೆ ಅವನ ಕೆರೆ. ಅದೂ ಬಾತುಕೋಳಿ. ಅದೇ ಕೊಕ್ಕು, ಅದೇ ಬಾಲ, ಅದೇ ಹೊಟ್ಟೆ.

ಬೆಳಗಿನ ಚಿತ್ರ. ಸೂರ್ಯ ಪೂರ್ವದಲ್ಲಿ. ಮೋಡದ ನೆರಳು ಪಶ್ಚಿಮಕ್ಕೆ.

ಬೇರೆ ತಾರೀಖಿನ ಚಿತ್ರ ತೆರೆದ. ಕೆರೆ ಇರಲಿಲ್ಲ, ಬರೀ ಹುಲ್ಲು ಬಯಲು. ಇನ್ನೊಂದು ತೆರೆದ; ಎರಡು ಕೆರೆಗಳಿದ್ದವು, ಒಂದು ಸಾಹೇಬರ ಮನೆಯ ಮೇಲೇ. ಒಂದೇ ಚಿತ್ರ ನೋಡಿ ಮಾತಾಡಬಾರದು, ಎರಡು ತಾರೀಖಿನದಾದರೂ ನೋಡಬೇಕು, ನೀರಿನ ಜೊತೆಗೆ ನೆರಳಿನ ಮಾದರಿಯನ್ನೂ ಯಂತ್ರಕ್ಕೆ ತೋರಿಸಬೇಕು. ಆ ಕತ್ತಲ ಕೋಣೆಯಲ್ಲಿ, ಊಟವಾದ ಮೇಲೆ, ಬಹುಶಃ ಇದನ್ನೇ ಹೇಳಿದ್ದರು.

ಮನೆಗೆ ಬಂದವನೇ ಅಡುಗೆಮನೆಯ ಬಾಗಿಲು ಮುಂದೆ ಮಾಡಿದ. "ಕೆರೆ ಇಲ್ಲ ಕಣೇ."

"ಎಲ್ಲಿ ಹೋಯ್ತು?" ಎಂದಳು ಹೆಂಡತಿ.

"ಎಲ್ಲೂ ಹೋಗಿಲ್ಲ. ಬಂದೇ ಇರ್ಲಿಲ್ಲ. ಅದು ಮೋಡದ ನೆರಳು."

ಹೊರಗೆ ಮಾವ ಟೈಲರನ ಮೊಣಕೈಯನ್ನು ಬೈಯುತ್ತಿದ್ದರು. ಹೆಂಡತಿ ಅದನ್ನೇ ಕೇಳಿಸಿಕೊಂಡಳು. "ಅಪ್ಪ ಬಟ್ಟೆ ಎಲ್ಲಾ ಬೀರುಗೆ ಇಟ್ಟಾಯ್ತು ರೀ."

"ಅದಕ್ಕೆ ನಾನೇನು ಮಾಡ್ಲಿ?"

"ಇಷ್ಟು ದೊಡ್ಡ ಭೂಮಿ ಎಲ್ಲಾ ನೋಡ್ತೀರಲ್ಲ, ಇನ್ನೊಂದು ಕೆರೆ ಹುಡುಕ್ರಿ. ನೀವು ಹೋಗಿ ಇಲ್ಲ ಅಂದ್ರೆ ಅಪ್ಪ ನಾಳೆನೇ ಹೊರಡ್ತಾರೆ."

ನಕ್ಷೆರಾಯ ಮಾವನ ಎದುರು ನಿಂತ. ಬಾಯಿ ತೆರೆದ. ಮಾವ ಅವನ ಬಾಯನ್ನು ನೋಡಿ, "ಉಸಿರು ತಗೊಳ್ಳೋದು ಹೀಗೇ! ಎಲ್ಲಾರೂ ಅಳಿಯಂದ್ರನ್ನ ನೋಡಿ ಕಲೀರಿ!" ಎಂದರು. ಬೀದಿಗೆ ಬೀದಿಯೇ ಬಾಯಿ ತೆರೆಯಿತು. ಇವನು ಮುಚ್ಚಿಕೊಂಡ.

ಸಾಹೇಬರಿಗಾದರೂ ಹೇಳಿಬಿಡೋಣವೆಂದು ಮರುದಿನ ಎರಡು ಚಿತ್ರಗಳನ್ನೂ ಅವರ ಮುಂದಿಟ್ಟ. "ನೋಡಿ ಸಾರ್. ಇದರಲ್ಲಿ ಕೆರೆ ಇದೆ. ಐದು ದಿನ ಆದ್ಮೇಲೆ ತೆಗೆದ ಇದರಲ್ಲಿ ಇಲ್ಲ."

ಸಾಹೇಬರು ಅದನ್ನು ನೋಡಿದರು, ಇದನ್ನು ನೋಡಿದರು. ಮುಖ ನಿಧಾನವಾಗಿ ಕೆಂಪಾಯಿತು. "ಐದೇ ದಿನ! ಐದೇ ದಿನದಲ್ಲಿ ಇಡೀ ಕೆರೆ ನುಂಗಿ ನೀರು ಕುಡಿದಿದ್ದಾರಲ್ರೀ!"

"ಹಾಗಲ್ಲ ಸಾರ್, ಅದು..."

"ನೀವು ಯಾರಿಗೂ ಹೆದರ್ಬೇಡಿ. ನಿಮ್ಮ ಹಿಂದೆ ನಾನಿದ್ದೀನಿ. ಆ ದಲ್ಲಾಳೀನ ಕರೆಸಿ!"

ದಲ್ಲಾಳಿ ಬಂದ. ಎರಡು ಚಿತ್ರಗಳನ್ನು ಕಂಡವನೇ ಕೈಮುಗಿದ. ಆಕಾಶದಿಂದ ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂದ ಮೇಲೆ ಮುಚ್ಚಿಟ್ಟು ಪ್ರಯೋಜನವೇನು?

"ಸಾರ್, ನಾನೇನೂ ಸಾಚಾ ಅಲ್ಲ, ಒಪ್ಕೋತೀನಿ. ಆಸ್ಪತ್ರೆ ಹಿಂದಿನ ದಾರಿ ನುಂಗಿದ್ದೀನಿ. ಮಕ್ಕಳ ಪಾರ್ಕು ಅರ್ಧ ನುಂಗಿದ್ದೀನಿ. ನಾಳೆನೇ ಬೇಲಿ ಕಿತ್ತು ವಾಪಸ್ ಕೊಡ್ತೀನಿ. ಆದ್ರೆ ಕೆರೆ ಮಾತ್ರ ನಾನಲ್ಲ ಸಾರ್. ಅಷ್ಟು ದೊಡ್ಡ ಬಾಯಿ ನಂಗಿಲ್ಲ."

ಸಾಹೇಬರಿಗೆ ಪಾರ್ಕು ಹೋಗಿದ್ದೇ ಗೊತ್ತಿರಲಿಲ್ಲ. ಗೊತ್ತಿದ್ದವರಂತೆ ತಲೆಯಾಡಿಸಿದರು. "ಭಾನುವಾರ ಬೆಳಿಗ್ಗೆ ಎಲ್ಲಾರೂ ಹೋಗಿ ನೋಡೇಬಿಡೋಣ. ಕೆರೆ ಇದ್ರೆ ಉದ್ಘಾಟನೆ, ಇಲ್ದಿದ್ರೆ ತನಿಖೆ," ಎಂದು ತೀರ್ಪು ಕೊಟ್ಟರು.

ಭಾನುವಾರ ಬೀದಿಗೆ ಬೀದಿಯೇ ಹೊರಟಿತು. ಟೈಲರ್ ಎಲ್ಲರಿಗೂ ಒಂದೇ ಥಾನಿನಿಂದ ಪಟ್ಟೆಪಟ್ಟೆ ಚಡ್ಡಿ ಹೊಲಿದಿದ್ದ. ಅಜ್ಜಿ ಲಾರಿ ಟಯರಿನ ಟ್ಯೂಬಿಗೆ ಗಾಳಿ ತುಂಬಿಸಿ ಹೆಗಲಿಗೆ ಹಾಕಿಕೊಂಡಿದ್ದರು. ಸಾಹೇಬರ ಒಂದು ಕೈಯಲ್ಲಿ ರಿಬ್ಬನ್ನು ಕತ್ತರಿ, ಇನ್ನೊಂದರಲ್ಲಿ ಅಳತೆ ಟೇಪು. ದಲ್ಲಾಳಿ ಕೈಕಟ್ಟಿಕೊಂಡು ನಡೆದ. ಎಲ್ಲರ ಮುಂದೆ ಎದೆಯುಬ್ಬಿಸಿ ಮಾವ, ಅವರ ಹಿಂದೆ ಹೆಂಡತಿ, ಎಲ್ಲರಿಗಿಂತ ಹಿಂದೆ, ಕಾಲಿಗೆ ಕಲ್ಲು ಕಟ್ಟಿದವನ ಹಾಗೆ, ನಕ್ಷೆರಾಯ.

ಹಳಿ ದಾಟಿದರು. ದಿಬ್ಬ ಹತ್ತಿದರು. ಎದುರಿಗೆ ಬಯಲು. ಹಸಿರು ಹುಲ್ಲು, ನಾಲ್ಕು ಮೇಕೆ. ಮೇಕೆಗಳು ತಲೆ ಎತ್ತಿ ಪಟ್ಟೆಚಡ್ಡಿಗಳನ್ನು ನೋಡಿ, ತಮಗೇಕೆ ಎಂದು ಮತ್ತೆ ಮೇಯತೊಡಗಿದವು.

ಮಾವ ಬಯಲನ್ನು ಎಡದಿಂದ ಬಲಕ್ಕೆ ನೋಡಿದರು, ಬಲದಿಂದ ಎಡಕ್ಕೆ ನೋಡಿದರು. ಅವರ ಎದೆ ಇಳಿಯುವುದು ಹಿಂದಿನಿಂದಲೂ ಕಾಣುತ್ತಿತ್ತು. ನಕ್ಷೆರಾಯನಿಗೆ ತಡೆಯಲಾಗಲಿಲ್ಲ. ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಯಾರೂ ಏನೂ ನುಂಗಿಲ್ಲ. ತಪ್ಪು ನಂದು. ಇಲ್ಲಿ ಕೆರೆ ಇರ್ಲೇ ಇಲ್ಲ ಮಾವ. ಮೋಡದ ನೆರಳು ನೋಡಿ ಕೆರೆ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು. ಗೊತ್ತಾದ್ಮೇಲೂ ಹೇಳೋಕೆ ಬಾಯಿ ಬರ್ಲಿಲ್ಲ. ನೀವು ಹೊರಟುಬಿಟ್ರೆ ಇವಳಿಗೆ ಸಂಕಟ ಆಗುತ್ತೆ ಅಂತ. ನನಗೂ ಆಗುತ್ತೆ ಅಂತ."

"ನೆರಳಾ?" ಎಂದರು ಸಾಹೇಬರು. "ಅಧ್ಯಕ್ಷರಿಗೆ ನಾನು ನೆರಳು ಉದ್ಘಾಟನೆ ಮಾಡಿ ಅನ್ಲೇನ್ರೀ?"

ಮಾವ ಮಾತ್ರ ಬಯಲಿನ ಕಡೆಗೇ ನೋಡುತ್ತಿದ್ದರು. ಹೆಂಡತಿ ಅಪ್ಪನ ತೋಳು ಹಿಡಿದುಕೊಂಡಳು.

ಆಗ ಬಯಲಿನ ಆ ತುದಿ ಕಪ್ಪಾಯಿತು. ಗಾಳಿ ಬೀಸುತ್ತಿದ್ದ ದಿನ. ಊರಿನ ಮೇಲೆ ಮೋಡಗಳು ಸಾಲಾಗಿ ಹೊರಟಿದ್ದವು. ಕಪ್ಪು ಅಂಚೊಂದು ಹುಲ್ಲಿನ ಮೇಲೆ ಹರಿಯುತ್ತ ಬಂತು. ಮೇಕೆಗಳು ಅದರಲ್ಲಿ ಮುಳುಗಿದವು. ಬಯಲು ಈ ದಡದಿಂದ ಆ ದಡದವರೆಗೆ ತುಂಬಿತು. ತಣ್ಣನೆಯ ಗಾಳಿ ಎಲ್ಲರ ಕಾಲಿಗೂ ತಾಗಿತು. ಅಜ್ಜಿ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದು ಬಟ್ಟೆ ಎತ್ತಿ ಹಿಡಿದುಕೊಂಡರು.

"ನೀವು ನೋಡಿದ ಕೆರೆ ಇದೇನಾ ಅಳಿಯಂದ್ರೇ?" ಮಾವ ಕೇಳಿದರು.

"ಹೂಂ ಮಾವ. ಇಂಥದ್ದೇ."

"ದೊಡ್ಡದೇ ಇದೆ," ಎಂದರು ಮಾವ. ಅವರ ಮೀಸೆ ಅಲುಗಿತು, ಹೊಟ್ಟೆ ಅಲುಗಿತು, ಕೊನೆಗೆ ಇಡೀ ಮನುಷ್ಯ ಅಲುಗಾಡಿ ನಕ್ಕರು. ನಗುತ್ತಲೇ ಹಿಂದಕ್ಕೆ ತಿರುಗಿ ಗುಡುಗಿದರು: "ಏನು ಬಾಯಿಬಿಟ್ಕೊಂಡು ನೋಡ್ತಾ ನಿಂತಿದ್ದೀರಾ? ನೀರು ಹರಿದುಹೋಗುತ್ತೆ! ಇಳೀರಿ!"

ಟೈಲರ್ ಮೊದಲು ಹಾರಿದ. ಹುಲ್ಲಿನ ಮೇಲೆ ಬೋರಲು ಬಿದ್ದು ಕೈಕಾಲು ಬಡಿದ. ಅವನ ಹಿಂದೆ ಬೀದಿಗೆ ಬೀದಿಯೇ ಧುಮುಕಿತು. ಅಜ್ಜಿ ಟ್ಯೂಬಿನ ಮೇಲೆ ಕುಳಿತು ಬೆನ್ನೀಜು ಹೊಡೆದರು. ತಾನು ನಿರಪರಾಧಿ ಎಂದು ತೋರಿಸಲು ದಲ್ಲಾಳಿಯೂ ಬಿದ್ದು ತೇಲಿದ. ಹೆಂಡತಿ ನಕ್ಕು ನಕ್ಕು ದಿಬ್ಬದ ಮೇಲೆ ಕುಸಿದು ಕೂತಳು. ಸಾಹೇಬರು ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿ, ಅಧ್ಯಕ್ಷರಿಗೆ ಫೋನು ಮಾಡಿ, ಮಕ್ಕಳಿಗೆ ಅರ್ಧ ಪಾರ್ಕು ಸಿಕ್ಕಿದೆ, ಅದನ್ನೇ ಉದ್ಘಾಟಿಸೋಣ ಎಂದರು. ಆಮೇಲೆ ಷೂ ಬಿಚ್ಚಿ ಪಕ್ಕಕ್ಕಿಟ್ಟು, ಪ್ಯಾಂಟು ಮಡಿಚಿ, ದಡದಲ್ಲಿ ಕಾಲು ಇಳಿಬಿಟ್ಟು ಕುಳಿತರು.

ನಕ್ಷೆರಾಯನಿಗೆ ಈಜು ಬರುತ್ತಿರಲಿಲ್ಲ. ಮಾವ ಅವನ ಕತ್ತಿನ ಪಟ್ಟಿ ಹಿಡಿದು ನಡುಕೆರೆಗೆ ಎಳೆದುಕೊಂಡು ಹೋಗಿ, ಹೊಟ್ಟೆಯ ಕೆಳಗೆ ಕೈಕೊಟ್ಟು ಮಲಗಿಸಿದರು. "ಹೆದರ್ಬೇಡಿ, ನಾನು ಹಿಡ್ಕೊಂಡಿದ್ದೀನಿ," ಎಂದರು.

ಸ್ವಲ್ಪ ಹೊತ್ತಿಗೆ ನೆರಳು ಜರುಗಿ ಹಳಿಯ ಕಡೆಗೆ ಹೋಯಿತು. ಬಯಲೆಲ್ಲ ಬಿಸಿಲು. ಜನ ಅಲ್ಲಲ್ಲೇ ಬಿದ್ದುಕೊಂಡು ಏದುಸಿರು ಬಿಡುತ್ತ ನಗುತ್ತಿದ್ದರು. ಮಾವ ಎದ್ದು ಮೈಮೇಲಿನ ಹುಲ್ಲು ಕೊಡವಿಕೊಂಡರು.

"ಅಳಿಯಂದ್ರೇ, ನಾಳೆ ಕೆರೆ ಎಷ್ಟೊತ್ತಿಗೆ ಬರುತ್ತೆ, ನಿಮ್ಮ ಕಂಪ್ಯೂಟರಲ್ಲಿ ನೋಡಿ ಹೇಳಿ. ಟೈಲರದ್ದು ಮೊಣಕೈ ಇನ್ನೂ ಸರಿಹೋಗಿಲ್ಲ. ನಿಮ್ಮದಂತೂ ಕೇಳ್ಲೇಬೇಡಿ, ಕಡಿಮೆ ಅಂದ್ರೂ ಒಂದು ವರ್ಷ ನಾನು ಇಲ್ಲೇ ಇರ್ಬೇಕಾಗುತ್ತೆ."